ಕೊಂಡ ವಸ್ತು ಮನೆಗೆ ದಕ್ಕಿತಾ?

ನಮ್ಮ ಬಡಾವಣೆಯ ಹೆಂಗಸರೆಲ್ಲ ಸೇರಿದ್ದ ಕಡೆ ಆಡಿದ ಮಾತುಗಳಿವು. ಬಂದವರು ಬರೆದು ಕೊಡಿ ಅಂದರು. ಮಾತಾಡುವಾಗ ಬಿಟ್ಟುಹೋದ ಒಂದೆರಡು ಲೆಕ್ಕ ಸೇರಿಸಿದ್ದೇನೆ, ಉಳಿದಿದ್ದು ಹೆಚ್ಚುಕಮ್ಮಿ ಹೇಳಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ದುಡ್ಡು ಉಳಿಸೋದು ಹೇಗೆ ಅಂತ ಹೇಳಿಕೊಡಲು ನಾನು ಬಂದಿಲ್ಲ. ಅದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ನಾನು ಮಾತಾಡಬೇಕು ಅಂದುಕೊಂಡಿರುವುದು ದುಡ್ಡು ಕೊಟ್ಟು ಆದ ಮೇಲಿನ ವಿಷಯ. ವಸ್ತು ಮನೆಗೆ ಬರುತ್ತದೆ, ಡಬ್ಬಿ ಒಡೆಯುತ್ತೇವೆ, ಅರಿಶಿನ ಕುಂಕುಮ ಇಡುತ್ತೇವೆ, ನಾಲ್ಕು ದಿನ ಎಲ್ಲರೂ ಮುಟ್ಟಿ ನೋಡುತ್ತಾರೆ. ಅಲ್ಲಿಗೆ ಮುಗಿಯಿತು. ಒಂದು ವರ್ಷ ಆದ ಮೇಲೆ ಆ ವಸ್ತು ಮನೆಗೆ ದಕ್ಕಿತಾ ಅಂತ ಕೂತು ಯೋಚನೆ ಮಾಡುವವರು ಕಡಿಮೆ.

ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ಇದೆ. ಹಾಲು, ತರಕಾರಿ, ಗ್ಯಾಸ್ ಎಲ್ಲ ಮುಂದಿನ ಹಾಳೆಗಳಲ್ಲಿ. ಹಿಂದಿನ ಹಾಳೆಗಳನ್ನು ನಾನು ಬೇರೆ ಇಟ್ಟಿದ್ದೇನೆ, ದೊಡ್ಡ ಸಾಮಾನು ಯಾವುದೇ ಬಂದರೂ ಅಲ್ಲಿ ಬರೆಯುತ್ತೇನೆ. ಕೊಂಡ ದಿನ, ಬೆಲೆ, ಆಮೇಲೆ ಅದಕ್ಕೆ ಬಿದ್ದ ಖರ್ಚು. ಅದರ ಕೆಳಗೆ ಇನ್ನೊಂದು ಸಾಲು: ಇದರಿಂದ ಯಾರ ಕೆಲಸ ಕಡಿಮೆಯಾಯಿತು, ಯಾರ ಮೇಲೆ ಹೊಸ ಕೆಲಸ ಬಿತ್ತು. ನನಗೆ ಈ ಕೊನೆಯ ಸಾಲೇ ಮುಖ್ಯ. ಬೆಲೆ ಒಂದು ದಿನದ ಮಾತು, ಆ ಸಾಲು ದಿನಾ ನಡೆಯುವ ಮಾತು. ಕಳೆದ ಎರಡು ವರ್ಷದಲ್ಲಿ ಬಂದ ಕೆಲವು ಸಾಮಾನಿನ ಬಗ್ಗೆ ಆ ಪುಸ್ತಕ ನೋಡಿಕೊಂಡೇ ಹೇಳುತ್ತೇನೆ.

ಮೊದಲು ಫ್ಯಾನು. ಈಗ ಎಲ್ಲ ಅಂಗಡಿಯಲ್ಲೂ ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್ ಅಂತ ತೋರಿಸುತ್ತಾರೆ, ರಿಮೋಟ್ ಬೇರೆ ಕೊಡುತ್ತಾರೆ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಇದು ಫುಲ್ ಸ್ಪೀಡಿನಲ್ಲಿ 30 ವ್ಯಾಟ್ ಸುಮಾರು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಕರೆಂಟ್ ಉಳಿತಾಯ ತೋರಿಸುವ ಸ್ಟಾರ್ ಗುರುತು ಕಡ್ಡಾಯ ಆಗಿದೆ, ಹಾಗಾಗಿ ಅಂಗಡಿಯವರ ಮಾತು ನಂಬಬೇಕಾಗಿಲ್ಲ, ಚೀಟಿ ಓದಿಕೊಳ್ಳಬಹುದು. ಒಂದು ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಹದಿಮೂರು, ಹದಿನಾಲ್ಕು ಯೂನಿಟ್ ಉಳಿಯುತ್ತದೆ. ಮೂರು ಫ್ಯಾನಿಗೆ 40 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 240 ರೂಪಾಯಿ. ಸಾಮಾನ್ಯ ಫ್ಯಾನಿಗಿಂತ ಒಂದೊಂದಕ್ಕೆ ಸಾವಿರ, ಸಾವಿರದೈನೂರು ಜಾಸ್ತಿ ಕೊಟ್ಟಿರುತ್ತೇವೆ. ಲೆಕ್ಕ ಸರಿಯಾಗೇ ಇದೆ, ಅಲ್ವಾ?

ಆದರೆ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಇದೆ, ಮನೆಗಳಿಗೆ ತಿಂಗಳಿಗೆ 200 ಯೂನಿಟ್ ಒಳಗೆ ಕರೆಂಟ್ ಬಿಟ್ಟಿ ಕೊಡುವ ಸರ್ಕಾರದ ಯೋಜನೆ. 2023ರ ಆಗಸ್ಟ್ ಬಿಲ್ಲಿನಿಂದ ಬಹಳ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತಿದೆ. ಬಿಲ್ಲೇ ಸೊನ್ನೆ ಇರುವ ಮನೆಯಲ್ಲಿ 40 ಯೂನಿಟ್ ಉಳಿಸಿದರೆ ಕೈಗೆ ಬರುವ ದುಡ್ಡೂ ಸೊನ್ನೆಯೇ. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಹಾಗಾದರೆ ಲಾಭ ಯಾರಿಗೆ? ಆ 200 ಯೂನಿಟ್ ಗಡಿಯ ಹತ್ತಿರ ಇರುವವರಿಗೆ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ 150 ಯೂನಿಟ್ ಉರಿಸಿದ್ದರೆ, ಅದರ ಮೇಲೆ ಶೇ. 10 ಸೇರಿಸಿ 165 ಯೂನಿಟ್ ನಿಮ್ಮ ಬಿಟ್ಟಿ ಪಾಲು. 165 ದಾಟಿ 200ರ ಒಳಗೆ ಇದ್ದರೆ ಜಾಸ್ತಿಯಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ. ನಮ್ಮ ಮನೆಯಲ್ಲಿ ಉಳಿದ ತಿಂಗಳು ಪರವಾಗಿಲ್ಲ, ಏಪ್ರಿಲ್ ಬಂತು ಅಂದರೆ ರಾತ್ರಿ ಹಗಲು ಫ್ಯಾನ್ ತಿರುಗಿ 215ರ ಹತ್ತಿರ ಹೋಗುತ್ತಿತ್ತು. ಅಂದರೆ ಸಾವಿರದ ಮುನ್ನೂರರ ಹತ್ತಿರ, ಅದರ ಮೇಲೆ ನಿಗದಿತ ಶುಲ್ಕ. ಈಗ ಅದೇ ಏಪ್ರಿಲ್‌ನಲ್ಲಿ 175ಕ್ಕೆ ನಿಂತಿದೆ, ನಮ್ಮ ಪಾಲೂ 165, ಹಾಗಾಗಿ ಹತ್ತು ಯೂನಿಟ್‌ಗೆ ದುಡ್ಡು ಕಟ್ಟಿದರೆ ಆಯಿತು. ಹಾಗಾಗಿ ನಮಗೆ ಈ ಫ್ಯಾನು ಬೇಸಿಗೆಯಲ್ಲಿ ದಕ್ಕಿತು. ಪಕ್ಕದ ಮನೆಯಲ್ಲಿ ಇಬ್ಬರೇ ಇದ್ದಾರೆ, ವರ್ಷವಿಡೀ 90 ದಾಟುವುದಿಲ್ಲ. ಹಳೆಯ ಫ್ಯಾನ್ ಚೆನ್ನಾಗಿ ತಿರುಗುತ್ತಿರುವಾಗ ಅವರು ತೆಗೆದು ಹಾಕುವುದು ಬೇಡ ಅಂತಲೇ ನಾನು ಹೇಳಿದೆ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಹೆಚ್ಚು ಹೊತ್ತು ತಿರುಗುತ್ತದೆ, ಆ ಲಾಭ ಮಾತ್ರ ಎಲ್ಲರಿಗೂ ಇದೆ.

ಫ್ಯಾನಿನ ಇನ್ನೊಂದು ಮುಖ ರಿಪೇರಿ. ಹಳೆಯ ಫ್ಯಾನ್ ನಿಧಾನ ಆದರೆ ಬೀದಿ ಕೊನೆಯ ಎಲೆಕ್ಟ್ರಿಷಿಯನ್ ಬಂದು ಕಪಾಸಿಟರ್ ಬದಲಾಯಿಸಿ ಹೋಗುತ್ತಿದ್ದ, ಕಾಫಿ ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಇದರೊಳಗೆ ಸರ್ಕ್ಯೂಟ್ ಬೋರ್ಡ್ ಇದೆ. ಅದು ಹೋದರೆ ಕಂಪನಿಯವರೇ ಬರಬೇಕು. ನಮ್ಮ ಮೂರರಲ್ಲಿ ಒಂದು ವಾರಂಟಿ ಇರುವಾಗಲೇ ನಿಂತಿತು. ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಅಂತ ದಿನ ತಳ್ಳಿದರು. ಕೊನೆಗೆ ಬಿಲ್ ಎದುರಿಗಿಟ್ಟುಕೊಂಡು 1915ಕ್ಕೆ ಫೋನ್ ಮಾಡಿದೆ. ಅದು ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ದೂರು ನೋಂದಣಿ ಆದ ಮೇಲೆ ಬೋರ್ಡ್ ಬದಲಾಯಿತು. ಅಲ್ಲೂ ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕವೂ ಇಲ್ಲ. ಇಷ್ಟಕ್ಕೆಲ್ಲ ಬೇಕಾಗುವುದು ಬಿಲ್ಲು. ಅಂಗಡಿಯಲ್ಲಿ "ಬಿಲ್ ಬೇಡ ಅಂದರೆ ಕಮ್ಮಿ ಮಾಡಿಕೊಡುತ್ತೇನೆ ಅಕ್ಕಾ" ಅಂದರೆ ದಯವಿಟ್ಟು ಒಪ್ಪಬೇಡಿ.

ಈಗ ಗ್ರೈಂಡರ್. ನಾನು ಟೇಬಲ್ ಟಾಪ್ ಗ್ರೈಂಡರ್ ತರುತ್ತೇನೆ ಅಂದಾಗ ನಮ್ಮನೆಯವರು, ಮಿಕ್ಸಿ ಇದೆಯಲ್ಲ, ಹಿಟ್ಟೂ ಅಂಗಡಿಯಲ್ಲಿ ಸಿಗುತ್ತದಲ್ಲ ಅಂದರು. ನ್ಯಾಯವಾದ ಪ್ರಶ್ನೆಯೇ. ಅಂಗಡಿ ಹಿಟ್ಟು ಬೇಕಾದಾಗ ಸಿಗುತ್ತದೆ, ತೊಳೆಯುವ ಕೆಲಸ ಇಲ್ಲ. ವಾರಕ್ಕೆ ಒಂದು ಸಲ ಇಡ್ಲಿ ಮಾಡುವ ಮನೆಗೆ ಅದೇ ಸಾಕು. ನಮ್ಮದು ಆರು ಜನ, ವಾರದಲ್ಲಿ ನಾಲ್ಕು ದಿನ ಇಡ್ಲಿ ಇಲ್ಲವೇ ದೋಸೆ. ಮಿಕ್ಸಿಯಲ್ಲಿ ಉದ್ದಿನಬೇಳೆ ರುಬ್ಬಿದರೆ ಜಾರು ಬಿಸಿಯಾಗುತ್ತದೆ, ಹಿಟ್ಟು ಏಳುವುದಿಲ್ಲ, ಐಸ್ ನೀರು ಹಾಕಿ ಹಾಕಿ ನಾಲ್ಕು ಸಲ ರುಬ್ಬಬೇಕು. ಕಲ್ಲಿನಲ್ಲಿ ಹಾಗಲ್ಲ. ಒಂದು ಲೋಟ ಬೇಳೆ ಹಾಕಿ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತ ಬಂದರೆ ಅರ್ಧ ಗಂಟೆಯಲ್ಲಿ ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬರುತ್ತದೆ. ಬೆರಳಲ್ಲಿ ಒಂದು ತೊಟ್ಟು ತೆಗೆದು ನೀರಿಗೆ ಬಿಟ್ಟರೆ ತೇಲಬೇಕು. ತೇಲಿತು ಅಂದರೆ ಮಾರನೆಯ ದಿನದ ಇಡ್ಲಿ ಮೆತ್ತಗಿರುತ್ತದೆ, ನಂಬಿ. ಈ ಗ್ರೈಂಡರ್‌ಗಳ ತವರು ಕೊಯಮತ್ತೂರು, ಅಲ್ಲಿಯ ಗ್ರೈಂಡರಿಗೆ ಆ ಊರಿನದೇ ಅಂತ ತೋರಿಸುವ ಜಿಐ ಗುರುತೂ ಇದೆ.

ಗ್ರೈಂಡರ್ ದಕ್ಕುವುದು ಬಿಡುವುದು ಒಂದೇ ವಿಷಯದ ಮೇಲೆ ನಿಂತಿದೆ. ಅದನ್ನು ಎಲ್ಲಿ ಇಡುತ್ತೀರಿ? ಅದರ ತೂಕ ಹತ್ತು ಕಿಲೋ ಮೇಲೆ. ಕೆಳಗಿನ ಕಪಾಟಿನಲ್ಲಿ ಇಟ್ಟರೆ ಪ್ರತಿ ಸಲ ಬಗ್ಗಿ ಎತ್ತಬೇಕು, ಮೂರು ತಿಂಗಳಲ್ಲಿ ಅದು ಅಲ್ಲೇ ಉಳಿದುಬಿಡುತ್ತದೆ. ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಗ್ರೈಂಡರ್ ಮೇಲೆ ಈರುಳ್ಳಿ ಬುಟ್ಟಿ ಕೂತಿರುತ್ತದೆ. ಹಾಗಾಗಿ ಕೊಳ್ಳುವ ಮೊದಲೇ ಅಡುಗೆ ಕಟ್ಟೆಯ ಮೂಲೆ ಖಾಲಿ ಮಾಡಿಸಿದೆ, ಪಕ್ಕದಲ್ಲೇ ಪ್ಲಗ್ ಹಾಕಿಸಿದೆ. ಇನ್ನು ತೊಳೆಯುವ ಕೆಲಸ. ರುಬ್ಬುವುದು ಮೆಷಿನ್ನು, ಕಲ್ಲು ತೊಳೆಯುವುದು ಮನುಷ್ಯರೇ. ಕಲ್ಲಿನ ಸಂದಿಯಲ್ಲಿ ಅಂಟಿದ ಹಿಟ್ಟು ಒಣಗಿದರೆ ಕೆರೆದು ತೆಗೆಯಬೇಕು, ಹುಳಿ ವಾಸನೆ ಬೇರೆ. ನಮ್ಮಲ್ಲಿ ಮೊದಲೇ ಮಾತಾಯಿತು: ರುಬ್ಬುವುದು ನಾನು, ತೊಳೆಯುವುದು ನಮ್ಮನೆಯವರು. ಇವತ್ತಿಗೂ ಹಾಗೇ ನಡೆದಿದೆ. ಆ ಮಾತು ಆಗದೇ ಇದ್ದಿದ್ದರೆ ನನ್ನ ಪುಸ್ತಕದಲ್ಲಿ "ಕೆಲಸ ಕಡಿಮೆಯಾಯಿತು" ಅಂತ ಬರೆಯಲು ಆಗುತ್ತಿರಲಿಲ್ಲ. ಮೆಷಿನ್ ಬಂತು, ಇನ್ನೇನು ನಿನಗೆ ಕೆಲಸ ಅನ್ನುವ ಮಾತು ನಾವೆಲ್ಲ ಕೇಳಿದ್ದೇವೆ. ಮೆಷಿನ್ನಿನಿಂದ ಬೀಳುವ ಹೊಸ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನನಗೆ ನಿಜವಾಗಿ ಬೇಸರದ ಸಂಗತಿ.

ನೀರಿನ ಫಿಲ್ಟರ್ ಬಗ್ಗೆ ಬಹಳ ಜನ ಕೇಳಿದ್ದೀರಿ. ಮನೆಗೆ ಬಂದು ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಹಾಯಿಸಿ ತೋರಿಸುತ್ತಾರಲ್ಲ, ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಅವರ ಮೆಷಿನ್ನಿನ ನೀರು ಹಾಗೇ ತಿಳಿಯಾಗಿರುತ್ತದೆ. ನೋಡಿದವರಿಗೆ ಹೆದರಿಕೆ ಆಗುತ್ತದೆ. ಆ ಬಣ್ಣ ಬರುವುದು ಕಬ್ಬಿಣದ ಕಡ್ಡಿಯಿಂದ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ಬಣ್ಣ ಬಿಡುತ್ತದೆ. ಅವರ ಮೆಷಿನ್ನು ಆರ್‌ಓ, ಅಂದರೆ ಲವಣವನ್ನೂ ಸೋಸಿ ತೆಗೆಯುವ ಫಿಲ್ಟರ್, ಅದರ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹರಿಯುವುದಿಲ್ಲ, ಬಣ್ಣ ಇಲ್ಲ. ಆ ಕಂದು ಬಣ್ಣ ನೋಡಿ ನೀರು ಕೊಳಕು ಅಂತ ತೀರ್ಮಾನ ಮಾಡುವ ಹಾಗಿಲ್ಲ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಚಿಕ್ಕ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದು ಬೀದಿಗೆ ಒಂದು ಸಾಕು. ನಮ್ಮ ಮೈಸೂರಿನಲ್ಲಿ ಕಾವೇರಿ ನೀರು ಬರುವ ದಿನ ನಮ್ಮ ನಲ್ಲಿಯಲ್ಲಿ ಇನ್ನೂರರ ಒಳಗೇ ತೋರಿಸುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ 500, ಬೇರೆ ನೀರು ಸಿಗದೇ ಇದ್ದಲ್ಲಿ 2000ದವರೆಗೆ ಬಿಟ್ಟಿದ್ದಾರೆ. ಹಾಗಿರುವಾಗ ಆರ್‌ಓ ಯಾಕೆ? ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ನೀರು ಹೊರಗೆ ಬಿಡುತ್ತದೆ, ವರ್ಷ ವರ್ಷ ಫಿಲ್ಟರು, ಮೆಂಬ್ರೇನು ಅಂತ ಖರ್ಚು ನಿಲ್ಲುವುದೇ ಇಲ್ಲ. ಕಾವೇರಿ ನೀರಿಗೆ ಬೇಕಾಗಿದ್ದು ಕ್ರಿಮಿ ಸಾಯುವುದು ಅಷ್ಟೇ ಅಂತ ನಾವು ಯುವಿ ಬೆಳಕಿನ ಫಿಲ್ಟರ್ ತಂದೆವು. ನಮ್ಮ ತಮ್ಮ ಬೆಂಗಳೂರಿನ ಹೊರಗೆ ಇದ್ದಾನೆ, ಪೂರ್ತಿ ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿಗೆಲ್ಲ ಬಿಳಿ ಪೊರೆ ಕಟ್ಟುತ್ತದೆ, ಮೀಟರ್ ಸಾವಿರ ದಾಟುತ್ತದೆ. ಅವನ ಮನೆಗೆ ಆರ್‌ಓ ಬೇಕೇ ಬೇಕು. ಹೊರಗೆ ಹೋಗುವ ನೀರನ್ನು ಡ್ರಮ್ಮಿಗೆ ಹಿಡಿದು ನೆಲ ಒರೆಸಲು ಬಳಸುತ್ತಾರೆ. ಫ್ಲೋರೈಡ್ ಇದೆಯಾ ಅಂತ ಮೀಟರ್ ಹೇಳುವುದಿಲ್ಲ, ಅದಕ್ಕೆ ಲ್ಯಾಬಿನಲ್ಲೇ ಪರೀಕ್ಷೆ ಆಗಬೇಕು. ಬೋರ್‌ವೆಲ್ ನೀರು ಕುಡಿಯುವವರು ಅದನ್ನು ಮಾಡಿಸಿ.

ಮೊಬೈಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಗಳ ಕಾಲೇಜಿಗೆ ಅಂತ ಹೊಸ ಫೋನ್ ತಂದೆವು. "ನೋ ಕಾಸ್ಟ್ ಇಎಂಐ" ಅಂದರು. ಬಡ್ಡಿ ಇಲ್ಲದ ಸಾಲ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಈಗ ಮಾಡುವುದು ಏನು ಅಂದರೆ, ಬಡ್ಡಿಯಷ್ಟನ್ನು ರಿಯಾಯಿತಿ ಅಂತ ಮೊದಲು ಕಳೆಯುತ್ತಾರೆ, ಆಮೇಲೆ ಕಂತಿನಲ್ಲಿ ಬಡ್ಡಿ ಸೇರಿಸುತ್ತಾರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ನಮ್ಮ ಕೈಯಿಂದಲೇ. ಪ್ರೊಸೆಸಿಂಗ್ ಫೀ ಇದ್ದರೆ ಅದೂ ನಮ್ಮದೇ. ಒಟ್ಟಿಗೆ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಅಂತ ಒಂದು ಮಾತು ಕೇಳಿ. ನಾವು ಕೇಳಿದ್ದಕ್ಕೆ ಬೆಲೆ ಇಳಿಯಿತು. ಫೋನ್ ಚೆನ್ನಾಗಿದೆ, ಪಾಠಕ್ಕೆ ಉಪಯೋಗ ಆಗುತ್ತಿದೆ.

ಇಷ್ಟು ಹೊತ್ತು ಕೆಲಸ, ಕೆಲಸ ಅಂದೆ. ಯಾರ ಕೆಲಸವನ್ನೂ ಕಡಿಮೆ ಮಾಡದ ಒಂದು ವಸ್ತುವೂ ನನ್ನ ಪುಸ್ತಕದಲ್ಲಿದೆ. ಮೈಸೂರು ಸಿಲ್ಕ್ ಸೀರೆ. ಬೆಲೆ ಇಪ್ಪತ್ತು ಸಾವಿರ ದಾಟಿತು, ಅದಕ್ಕೂ ಬೆಳಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕಾಯಿತು. ಇದರಿಂದ ಕೆಲಸ ಜಾಸ್ತಿಯೇ ಆಯಿತು. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಬೇಕು, ಮಡಿಕೆ ಬದಲಾಯಿಸುತ್ತಿರಬೇಕು, ಜರಿಗೆ ಸೆಂಟು ತಾಗಬಾರದು. ಆದರೂ ನಾನು ಇದನ್ನು ದಕ್ಕಿದ ಸಾಲಿಗೇ ಬರೆದಿದ್ದೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಇದೇ ಊರಿನಲ್ಲಿ ಶುರುವಾದ ಕಾರ್ಖಾನೆ ಅದು, ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸುತ್ತಿದೆ. ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತದೆ. ಪ್ರತಿ ಸೀರೆಗೂ ಅದರದ್ದೇ ನಂಬರ್ ಇರುತ್ತದೆ, ಹೊಲೊಗ್ರಾಂ ಇರುತ್ತದೆ, ಅದನ್ನು ನೋಡಿ ತಗೊಳ್ಳಿ, ಯಾಕೆಂದರೆ ಮೈಸೂರು ಸಿಲ್ಕ್ ಅಂತ ಹೇಳಿ ಬೇರೆ ಏನೇನೋ ಮಾರುತ್ತಾರೆ. ನಮ್ಮ ಅಮ್ಮನ ಸೀರೆಯನ್ನು ನಾನು ಉಟ್ಟೆ, ನನ್ನದನ್ನು ಮಗಳು ಈಗಲೇ ಕೇಳುತ್ತಿದ್ದಾಳೆ. ಉಟ್ಟ ದಿನ ಮನಸ್ಸಿಗೆ ಆಗುವ ಸಂತೋಷಕ್ಕೆ ನಾನು ರೂಪಾಯಿ ಲೆಕ್ಕ ಹಾಕುವುದಿಲ್ಲ. ಹೆಂಗಸರು ತಮಗೆ ಅಂತ ಒಂದು ಒಳ್ಳೆಯ ವಸ್ತು ಕೊಂಡರೆ ಅದಕ್ಕೆ ನೂರು ಸಮಜಾಯಿಷಿ ಕೊಡಬೇಕಾದ ಸ್ಥಿತಿ ಇರಬಾರದು. ಸಾಲ ಮಾಡಿ ತರಬೇಡಿ, ಅಷ್ಟೇ.

ಕೊನೆಯದು ನಮ್ಮ ಅತ್ತೆಯವರ ಕಿವಿಯ ಮೆಷಿನ್. ಇದರ ಬಗ್ಗೆ ಹೇಳಲೇಬೇಕು ಅಂತಲೇ ನಾನು ಇವತ್ತು ಒಪ್ಪಿಕೊಂಡು ಬಂದಿದ್ದು.

ಅತ್ತೆಯವರಿಗೆ ಎಪ್ಪತ್ತಾರು. ಕಿವಿ ಕೇಳುವುದಿಲ್ಲ ಅಂತ ಅವರು ಒಪ್ಪುತ್ತಿರಲಿಲ್ಲ, ನೀವೇ ಗೊಣಗುತ್ತೀರಿ ಅನ್ನುತ್ತಿದ್ದರು. ಅವರ ಮಾತಿನಲ್ಲೂ ಸತ್ಯ ಇತ್ತು. ವಯಸ್ಸಾದಾಗ ಮೊದಲು ಹೋಗುವುದು ತೆಳು ದನಿಗಳು. ಸ, ತ, ಕ ಇಂಥ ಅಕ್ಷರಗಳು ಮಸುಕಾಗುತ್ತವೆ, ದಪ್ಪ ದನಿ ಚೆನ್ನಾಗೇ ಕೇಳುತ್ತದೆ. ಹಾಗಾಗಿ ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕಾಸು ಅಂದರೆ ತಾಸು ಅಂತ ಕೇಳುತ್ತದೆ. ಕಿರುಚಿದರೆ ಇನ್ನೂ ಗೋಜಲು. ಹೀಗೆ ಮಾಡಿ ಮಾಡಿ ಅವರು ಹಾಲಿಗೆ ಬರುವುದನ್ನೇ ಬಿಟ್ಟರು. ನೆಂಟರು ಬಂದರೆ ಒಳಗೆ ಮಲಗಿಬಿಡುತ್ತಿದ್ದರು. ವಯಸ್ಸಾಯಿತು, ಮಂಕಾಗಿದ್ದಾರೆ ಅಂತ ನೆಂಟರು ಅಂದುಕೊಂಡರು.

ನಮ್ಮ ಊರಿನ ಪುಣ್ಯ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತೇವಲ್ಲ, ಅದೇ. 1965ರಲ್ಲಿ ಶುರುವಾಗಿದ್ದು. ದೂರದ ರಾಜ್ಯಗಳಿಂದ ಜನ ರೈಲಿನಲ್ಲಿ ಅಲ್ಲಿಗೆ ಬರುತ್ತಾರೆ, ಇಲ್ಲೇ ಇರುವ ನಾವು ಹೋಗುವುದಿಲ್ಲ. ಅತ್ತೆಯವರನ್ನು ಅಲ್ಲಿಗೇ ಕರೆದುಕೊಂಡು ಹೋದೆವು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಒಂದೊಂದು ದನಿ ಕೇಳಿಸಿ, ಎಲ್ಲಿ ಎಷ್ಟು ಕಡಿಮೆಯಾಗಿದೆ ಅಂತ ಗೆರೆ ಎಳೆದು ಕೊಟ್ಟರು. ಆ ಗೆರೆಯೇ ಮುಖ್ಯ. ಅದಕ್ಕೆ ತಕ್ಕ ಹಾಗೆ ಮೆಷಿನ್ನನ್ನು ಹೊಂದಿಸಬೇಕು. ಪರೀಕ್ಷೆಯೇ ಇಲ್ಲದೆ ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಸಿಗುವುದು ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುತ್ತದೆ, ಪಾತ್ರೆ ಬಿದ್ದರೆ ತಲೆ ಸಿಡಿಯುತ್ತದೆ. ಮೆಷಿನ್ ಒಂದು ಕಿವಿಗೆ ಇಪ್ಪತ್ತೈದು ಸಾವಿರದ ಹತ್ತಿರ ಆಯಿತು. ಇದಕ್ಕೆ ಜಿಎಸ್‌ಟಿ ಇಲ್ಲ, ಯಾರಾದರೂ ಹಾಕಿದರೆ ಕೇಳಿ.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ಎಷ್ಟೋ ಮನೆಗಳಲ್ಲಿ ಈ ಮೆಷಿನ್ ಮೇಜಿನ ಡ್ರಾದಲ್ಲಿ ಮಲಗಿದೆ. ಅಜ್ಜ ಹಾಕಿಕೊಳ್ಳುವುದಿಲ್ಲ, ದುಡ್ಡು ದಂಡ ಅನ್ನುತ್ತಾರೆ. ಕನ್ನಡಕ ಹಾಕಿದ ತಕ್ಷಣ ಅಕ್ಷರ ಕಾಣುತ್ತದೆ, ಕಿವಿಯ ಮೆಷಿನ್ ಹಾಗಲ್ಲ. ವರ್ಷಗಟ್ಟಲೆ ಕೇಳದೇ ಇದ್ದ ಸದ್ದುಗಳೆಲ್ಲ ಒಮ್ಮೆಗೇ ಬಂದು ಬೀಳುತ್ತವೆ. ನಲ್ಲಿ ನೀರು, ಕಾಗದ ಮಡಚುವ ಸದ್ದು, ಕುಕ್ಕರ್ ಸೀಟಿ, ತಮ್ಮದೇ ದನಿ. ಅಭ್ಯಾಸ ಆಗಲು ವಾರಗಳು ಬೇಕು. ಸಂಸ್ಥೆಯವರು ಹೇಳಿಕೊಟ್ಟ ಹಾಗೆ ಮೊದಲು ದಿನಕ್ಕೆ ಸ್ವಲ್ಪ ಹೊತ್ತು, ಟಿವಿ ಆರಿಸಿ, ಒಬ್ಬರೇ ಎದುರಿಗೆ ಕೂತು ಮಾತಾಡಿದೆವು. ಆಮೇಲೆ ಇಬ್ಬರು. ಆಮೇಲೆ ಅಡುಗೆ ಮನೆ. ಮದುವೆ ಮನೆಗೆ ಹಾಕಿಕೊಂಡು ಹೋಗಿದ್ದು ಎಲ್ಲಕ್ಕಿಂತ ಕೊನೆಗೆ. ನಡುವೆ ಮತ್ತೆ ಹೋಗಿ ಸದ್ದು ಹೊಂದಿಸಿಕೊಂಡು ಬಂದೆವು. ಸೀಟಿ ಹೊಡೆಯುತ್ತಿದ್ದರೆ ಕಿವಿಯೊಳಗಿನ ಅಚ್ಚು ಸರಿಯಾಗಿ ಕೂತಿಲ್ಲ ಅಂತ ಅರ್ಥ, ಇಲ್ಲವೇ ಗುಗ್ಗೆ ತುಂಬಿದೆ.

ಬ್ಯಾಟರಿ ಗುಂಡಿಯಷ್ಟು ಚಿಕ್ಕದು. ಮೇಲೆ ಬಣ್ಣದ ಚೀಟಿ ಅಂಟಿರುತ್ತದೆ, ನಮ್ಮದು 13ನೇ ನಂಬರು, ಕಿತ್ತಳೆ ಬಣ್ಣ. ಚೀಟಿ ಕಿತ್ತ ಮೇಲೆ ಗಾಳಿ ಒಳಗೆ ಹೋಗಿ ಬ್ಯಾಟರಿ ಎಚ್ಚರ ಆಗುತ್ತದೆ. ಕಿತ್ತ ತಕ್ಷಣ ಹಾಕಬಾರದು, ಒಂದು ನಿಮಿಷ ಬಿಟ್ಟು ಹಾಕಬೇಕು, ಆಗ ಜಾಸ್ತಿ ದಿನ ಬರುತ್ತದೆ. ರಾತ್ರಿ ತೆಗೆದು ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಪೊಟ್ಟಣ ಇರುವ ಡಬ್ಬಿಯಲ್ಲಿ ಇಡಬೇಕು. ಅತ್ತೆಯವರ ಬೆರಳಿಗೆ ಆ ಗುಂಡಿ ಹಿಡಿಯುವುದು ಕಷ್ಟ. ಬ್ಯಾಟರಿ ಹಾಕುವ ಕೆಲಸ ಮಗಳು ವಹಿಸಿಕೊಂಡಿದ್ದಾಳೆ. ಪುಸ್ತಕದಲ್ಲಿ "ಹೊಸ ಕೆಲಸ" ಅನ್ನುವ ಕಡೆ ಅವಳ ಹೆಸರಿದೆ.

"ಕಡಿಮೆಯಾದ ಕೆಲಸ" ಅನ್ನುವ ಕಡೆ ಮನೆಯವರೆಲ್ಲರ ಹೆಸರೂ ಇದೆ. ಕೂಗಿ ಮಾತಾಡುವುದು ನಿಂತಿದೆ. ಕೂಗಿ ಹೇಳಿದ್ದು ಬೈಗುಳದ ಹಾಗೆ ಕೇಳಿ ಅವರು ನೊಂದುಕೊಳ್ಳುತ್ತಿದ್ದರಲ್ಲ, ಅದೂ ನಿಂತಿದೆ. ಸಂಜೆ ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಈಗ ಅವರೇ ಮಾಡುತ್ತಾರೆ. ನನ್ನ ಪುಸ್ತಕದಲ್ಲಿರುವ ಎಲ್ಲ ಸಾಮಾನಿನಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ವಾಪಸ್ ಬಂದಿದ್ದು ಇದರಲ್ಲೇ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, ಒಂದೇ ಕಿವಿಗೆ ಸಾಕಾ, ಎರಡಕ್ಕೂ ಬೇಕಾ ಅಂತ. ಎರಡೂ ಕಿವಿ ಮಂದ ಆಗಿದ್ದರೆ ಎರಡಕ್ಕೂ ಹಾಕುವುದು ಒಳ್ಳೆಯದು, ದನಿ ಯಾವ ಕಡೆಯಿಂದ ಬಂತು ಅಂತ ತಿಳಿಯಲು, ಗದ್ದಲದಲ್ಲಿ ಮಾತು ಹಿಡಿಯಲು ಅದು ನೆರವಾಗುತ್ತದೆ. ನಾವು ದುಡ್ಡಿನ ಕಾರಣಕ್ಕೆ ಒಂದರಿಂದ ಶುರು ಮಾಡಿದೆವು. ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ. ಎರಡನೆಯದಕ್ಕೆ ಅಂತ ಚೀಟಿ ದುಡ್ಡು ಎತ್ತಿ ಇಟ್ಟಿದ್ದೇವೆ.